ಅತ್ತೆಯ ಹೆಸರಿನಲ್ಲಿ ಬಂದ ಮೇಲ್‌ಗಳು

ನನ್ನ ಗಂಡನ ತಾಯಿ ದಾವಣಗೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದವರು. ನಾನು ಮದುವೆಯಾಗಿ ಆ ಮನೆಗೆ ಹೋಗುವ ಹೊತ್ತಿಗೆ ಅವರು ನಿವೃತ್ತಿಯ ಅಂಚಿನಲ್ಲಿದ್ದರು. ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಇರಲಿಲ್ಲವೆಂದೇ ಹೇಳಬೇಕು. ಬುಟ್ಟಿ ಹೊತ್ತು ಸೊಪ್ಪು ಮಾರಲು ಬರುವವಳಿಗೂ ಬ್ಯಾಂಕಿನ ಮ್ಯಾನೇಜರಿಗೂ ಅವರು ಟೀಚರ್. ನನಗೆ ಮಾತ್ರ ಅತ್ತೆ.

ನಮ್ಮ ಮಾವನವರಿಗೆ ಒಮ್ಮೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಿ ತುರ್ತಾಗಿ ಆಪರೇಷನ್ ಮಾಡಬೇಕಾಗಿ ಬಂತು. ಅವರದು ಓ ನೆಗೆಟಿವ್ ಗುಂಪು. ನೆಂಟರಿಷ್ಟರಲ್ಲಿ ಯಾರದೂ ಹೊಂದಲಿಲ್ಲ. ಯಾರೋ ಯಾರಿಗೋ ಹೇಳಿ, ಹರಿಹರದಲ್ಲಿ ಲೇತ್ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಮುಸಲ್ಮಾನರು ಸ್ಕೂಟರಿನಲ್ಲಿ ಬಂದು ರಕ್ತ ಕೊಟ್ಟು, ಒಂದು ಲೋಟ ಹಾಲು ಕುಡಿದು, ಹೆಸರನ್ನೂ ಸರಿಯಾಗಿ ಹೇಳದೆ ಹೊರಟುಹೋದರು. ಮಾವ ಬದುಕಿದರು. ಅತ್ತೆ ಆ ಮನುಷ್ಯನನ್ನು ಹುಡುಕಿಕೊಂಡು ಹರಿಹರಕ್ಕೆ ಹೋದರು. ಹೋದಾಗ ಅವರು ಹೇಳಿದರಂತೆ, "ಟೀಚರಮ್ಮ, ನನ್ನ ರಕ್ತ ಯಾರಿಗೆ ಬೇಕು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಹೇಳೋರು ಇದ್ರೆ ಬರ್ತೀನಿ." ಆ ಮಾತು ಹಿಡಿದುಕೊಂಡು ಅತ್ತೆ ರಕ್ತದಾನಿಗಳ ಬಳಗವೊಂದನ್ನು ಕಟ್ಟಿದರು.

ಬಳಗ ಕಟ್ಟುವುದರಲ್ಲಿ ಅವರಿಗೆ ಜೊತೆಯಾದವರು ಹರಿಹರದ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದವರು. ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುವ ಮನುಷ್ಯ. ಇಸ್ತ್ರಿ ಮುರಿಯದ ಅಂಗಿ, ಮೆಲುದನಿಯ ಮಾತು. ತಮ್ಮ ಕಾರ್ಖಾನೆಯವರನ್ನು ಅವರು ಸೇರಿಸಿದರು, ಅತ್ತೆ ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಹಿಡಿದು ತಂದರು. ಮೆಡಿಕಲ್ ಕಾಲೇಜಿನ ಹುಡುಗರು, ಬ್ಯಾಂಕಿನವರು, ಬಟ್ಟೆ ಅಂಗಡಿಯವರು, ಹೀಗೆ ಎರಡೂ ಊರಿನಲ್ಲಿ ಜನ ಬೆಳೆಯುತ್ತ ಹೋದರು.

ಹೊಸ ಶತಮಾನ ಆಗಷ್ಟೇ ಶುರುವಾಗಿದ್ದ ಕಾಲ ಅದು. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ನಾನು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ನನ್ನ ಗಂಡ ಮನೆಗೊಂದು ಕಂಪ್ಯೂಟರ್ ತಂದು ಪಡಸಾಲೆಯಲ್ಲಿ ಇಟ್ಟಾಗ ಅತ್ತೆ ಎರಡು ದಿನ ಅದರ ಹತ್ತಿರ ಸುಳಿಯಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಕನ್ನಡಕ ಹಾಕಿಕೊಂಡು ಬಂದು ಕೂತು, "ಅದೇನೋ ಒಂದೇ ಕಾಗದ ಒಂದೇ ಸಲಕ್ಕೆ ಎಲ್ಲರಿಗೂ ಕಳಿಸಬೋದು ಅಂತಿದ್ಯಲ್ಲ, ತೋರಿಸವ್ವ" ಎಂದರು.

ಅವರಷ್ಟು ಶ್ರದ್ಧೆಯ ವಿದ್ಯಾರ್ಥಿ ನನಗೆ ಕ್ಲಾಸಿನಲ್ಲೂ ಸಿಕ್ಕಿಲ್ಲ. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದರು. ಆಗ ಮೇಲ್‌ನಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯಬೇಕು. ಅದು ಅವರಿಗೆ ಸುತಾರಾಂ ಹಿಡಿಸುತ್ತಿರಲಿಲ್ಲ. "ಬಾಳು ಬರೆದ್ರೂ ಬಾಲು, ಹಾಳು ಬರೆದ್ರೂ ಹಾಲು. ಇದೇನು ಭಾಷೆನೋ" ಎಂದು ಗೊಣಗುತ್ತಲೇ ಬರೆಯುತ್ತಿದ್ದರು. ಇಂಥ ಆಸ್ಪತ್ರೆಯಲ್ಲಿ ಇಂಥವರಿಗೆ ಇಂಥ ಗುಂಪಿನ ರಕ್ತ ಬೇಕಾಗಿದೆ, ಕೊನೆಯಲ್ಲಿ ನಿಮ್ಮ ಟೀಚರ್. ಅಷ್ಟೇ. ಕಳಿಸಿದ ಸ್ವಲ್ಪ ಹೊತ್ತಿಗೆ ಫೋನು ರಿಂಗಾಗುತ್ತಿತ್ತು. ಆಫೀಸಿನಲ್ಲಿ ಕೂತವರು, ಲ್ಯಾಬಿನಲ್ಲಿದ್ದ ಹುಡುಗರು, ನೆಟ್ ಸೆಂಟರಿಗೆ ಹೋದವರು, ಯಾರಾದರೊಬ್ಬರು ಸಿಕ್ಕೇ ಸಿಗುತ್ತಿದ್ದರು. ಅವರ ಮೇಲ್ ಬಂದರೆ ಜನ ಉಳಿದದ್ದನ್ನು ಬಿಟ್ಟು ಮೊದಲು ಅದನ್ನು ತೆರೆಯುತ್ತಿದ್ದರು ಎಂದು ಆಮೇಲೆ ಎಷ್ಟೋ ಜನ ನನಗೆ ಹೇಳಿದ್ದಾರೆ. ಕೇಡು ಹೊಕ್ಕಿದ್ದೂ ಅಲ್ಲಿಂದಲೇ.

ಒಂದು ಸಂಜೆ ನಾನು ಕೆಲಸದಿಂದ ಬರುವಷ್ಟರಲ್ಲಿ ಅತ್ತೆ ಕಂಪ್ಯೂಟರಿನ ಮುಂದೆ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರ ಮೇಲ್ ಪೆಟ್ಟಿಗೆ ತುಂಬಿ ತುಳುಕುತ್ತಿತ್ತು. ನೀವು ಕಳಿಸಿದ ಪತ್ರ ತಲುಪಲಿಲ್ಲ ಎಂದು ಹಿಂದಿರುಗಿ ಬಂದವು ಅರ್ಧ. ನಿಮ್ಮ ಪತ್ರದಲ್ಲಿ ವೈರಸ್ ಇದೆ, ತಡೆಹಿಡಿಯಲಾಗಿದೆ ಎಂದು ಯಾವ್ಯಾವುದೋ ಕಂಪನಿಯ ಯಂತ್ರಗಳು ತಾವಾಗಿಯೇ ಕಳಿಸಿದವು ಇನ್ನರ್ಧ.

"ನಾನು ಇವತ್ತು ಯಾರಿಗೂ ಏನೂ ಕಳಿಸಿಲ್ಲವ್ವ" ಎಂದರು.

ಅಷ್ಟರಲ್ಲಿ ಬ್ಯಾಂಕಿನ ಒಬ್ಬ ಅಧಿಕಾರಿಯ ಫೋನು ಬಂತು. ಅವರು ಅತ್ತೆಯ ಹಳೆಯ ವಿದ್ಯಾರ್ಥಿ. "ಟೀಚರ್, ನೀವು ಏನೋ ಒಂದು ಕಳಿಸಿದ್ರಿ ನೋಡ್ರಿ, ನಿಮ್ಮ ಹೆಸರು ಐತಲ್ಲ ಅಂತ ತೆಗೆದೆ. ಬ್ರಾಂಚಿನ ಕಂಪ್ಯೂಟರೆಲ್ಲಾ ನಿಂತು ಹೋಗ್ಯಾವ. ಮೇಲಿನೋರು ನನ್ನ ಕೇಳ್ತಾ ಇದಾರ" ಎಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ, ಗಾಬರಿ ಇತ್ತು. ಅತ್ತೆ ಫೋನು ಹಿಡಿದುಕೊಂಡೇ, "ತಪ್ಪಾತಪ್ಪ, ತಪ್ಪಾತು" ಎಂದರು.

ಆ ರಾತ್ರಿಯೇ ನಾನು ನಮ್ಮ ಕಂಪ್ಯೂಟರನ್ನು ಪೂರ್ತಿ ತಪಾಸಣೆ ಮಾಡಿದೆ. ಏನೂ ಇರಲಿಲ್ಲ. ಮರುದಿನ ಪಾಲಿಟೆಕ್ನಿಕ್‌ನಿಂದ ಇನ್ನೊಂದು ತಂತ್ರಾಂಶ ತಂದು ಮತ್ತೆ ನೋಡಿದೆ. ನಮ್ಮದು ಚೊಕ್ಕವಾಗಿತ್ತು. ಆಗ ನನಗೆ ಸಂಗತಿ ಹೊಳೆಯಿತು. ಆ ದಿನಗಳಲ್ಲಿ ಹರಡುತ್ತಿದ್ದ ವೈರಸ್ಸುಗಳ ರೀತಿಯೇ ಹಾಗೆ. ಯಾರದೋ ಕಂಪ್ಯೂಟರಿಗೆ ಹೊಕ್ಕು, ಅಲ್ಲಿ ಸಿಕ್ಕ ವಿಳಾಸಗಳನ್ನೆಲ್ಲ ಹೆಕ್ಕಿಕೊಂಡು, ಅದರಲ್ಲೊಂದನ್ನು ಕಳಿಸಿದವರ ಜಾಗದಲ್ಲಿ ಬರೆದು, ಉಳಿದವರಿಗೆಲ್ಲ ತನ್ನನ್ನು ತಾನೇ ರವಾನಿಸಿಕೊಳ್ಳುತ್ತಿತ್ತು. ಹೆಸರು ಹೋಗುವುದು ಒಬ್ಬರದು, ರೋಗ ಇರುವುದು ಮತ್ತೊಬ್ಬರ ಮನೆಯಲ್ಲಿ.

ಅತ್ತೆಗೆ ಬಿಡಿಸಿ ಹೇಳಿದೆ. "ಇನ್‌ಲ್ಯಾಂಡ್ ಲೆಟರಿನ ಹಿಂದೆ ಕಳಿಸಿದವರ ಹೆಸರು ಅಂತ ಇರುತ್ತಲ್ಲ ಅತ್ತೆ, ಅಲ್ಲಿ ಯಾರು ಬೇಕಾದ್ರೂ ಯಾರ ಹೆಸರನ್ನಾದ್ರೂ ಬರೀಬಹುದು. ಪೋಸ್ಟಿನವರು ಕೇಳ್ತಾರೇನು? ಇದೂ ಹಂಗೇ."

ಅತ್ತೆ ಹೇಳಿದರು, "ಟೈಫಾಯ್ಡ್ ಪಾಠ ಮಾಡುವಾಗ ನಾನು ಮಕ್ಕಳಿಗೆ ಹೇಳ್ತಿದ್ದೆ. ತನಗೆ ರೋಗ ಇಲ್ಲದಿದ್ರೂ ಊರಿಗೆಲ್ಲ ರೋಗ ಹಂಚೋರು ಇರ್ತಾರ, ಅವರಿಗೇ ಅದು ಗೊತ್ತಿರಂಗಿಲ್ಲ ಅಂತ. ನಮ್ಮ ಕಂಪ್ಯೂಟರೂ ಹಂಗೇ ಇದ್ರೆ?"

"ಇಲ್ಲ ಅತ್ತೆ, ಹಂಗಲ್ಲ ಇದು."

"ನಿಂಗೆ ಗೊತ್ತಾಗಿಲ್ಲ ಅಷ್ಟೇ. ನನ್ನ ಹೆಸರಲ್ಲಿ ಹೋದ ಮೇಲೆ ಅದು ನಂದೇ."

ಮರುದಿನದಿಂದ ಅವರು ತಿರುಗತೊಡಗಿದರು. ಫೋನು ಇದ್ದವರಿಗೆ ಫೋನು, ಇಲ್ಲದವರ ಮನೆಗೆ ನಡಿಗೆ. ಕೊಡೆ ಹಿಡಿದುಕೊಂಡು ವಿದ್ಯಾನಗರದ ಬೀದಿಗಳಲ್ಲಿ, ಅಂಗಡಿ ಸಾಲುಗಳಲ್ಲಿ, ಹಾಸ್ಟೆಲಿನ ಬಾಗಿಲಲ್ಲಿ ನಿಂತು, "ನನ್ನ ಮೇಲ್‌ನಿಂದ ನಿಮಗೆ ತೊಂದ್ರೆ ಆಗೈತೆ, ಮನಸ್ಸಿನಲ್ಲಿ ಇಟ್ಕೋಬ್ಯಾಡ್ರಿ" ಎಂದು ಕೇಳಿಕೊಂಡರು. ನಾನು ಬೇಡವೆಂದೆ, ನನ್ನ ಗಂಡ ಬೇಡವೆಂದರು. ಕೇಳಲಿಲ್ಲ. ಜನರಾದರೂ ಏನು ತಿಳಿದಾರು? ಅಷ್ಟು ದೊಡ್ಡವರು ಮನೆ ಬಾಗಿಲಿಗೆ ಬಂದು ತಪ್ಪಾಯಿತು ಎಂದಾಗ, ತಪ್ಪು ಅವರದೇ ಇರಬೇಕು ಎಂದುಕೊಂಡರು. ವೈರಸ್ಸು ಬೇರೆಯವರ ಹೆಸರಿನಲ್ಲೂ ಹೋಗಿತ್ತು. ಆದರೆ ಆ ಮೇಲ್‌ಗಳನ್ನು ಯಾರೂ ತೆರೆದಿರಲಿಲ್ಲ, ಹಾಗಾಗಿ ನೆನಪಿನಲ್ಲಿ ಉಳಿದದ್ದು ಟೀಚರದು ಮಾತ್ರ.

ಬಳಗದ ಸಭೆ ಪ್ರತಿ ತಿಂಗಳು ಒಂದು ಭಾನುವಾರ ಶಾಲೆಯ ಕೋಣೆಯೊಂದರಲ್ಲಿ ನಡೆಯುತ್ತಿತ್ತು. ಕೆಲಸದ ಮಾತು ಸ್ವಲ್ಪ, ಆಮೇಲೆ ಮಂಡಕ್ಕಿ, ಮಿರ್ಚಿ, ಚಹಾ, ಹರಟೆ. ಆ ತಿಂಗಳ ಸಭೆಗೆ ಬಹಳ ಜನ ಬಂದಿದ್ದರು. ಎಂಜಿನಿಯರರು ಎದ್ದು ನಿಂತು ಮಾತಾಡಿದರು. ಅವರ ಮಾತಿನಲ್ಲಿ ಎಲ್ಲೂ ಒರಟುತನ ಇರಲಿಲ್ಲ.

"ಟೀಚರ್ ಬಗ್ಗೆ ನಮಗೆಲ್ಲ ಗೌರವ ಐತೆ. ಅವರು ಬೇಕಂತ ಮಾಡಿದ್ದಲ್ಲ. ಆದ್ರೆ ಅವರ ಕಂಪ್ಯೂಟರಿನಿಂದ ಎಷ್ಟೋ ಜನಕ್ಕೆ ನಷ್ಟ ಆಗೈತೆ. ಅದಕ್ಕೆ ಸದ್ಯಕ್ಕೆ ಟೀಚರ್ ಹೆಸರಲ್ಲಿ ಬರೋ ಮೇಲ್ ಯಾರೂ ತೆಗೀಬ್ಯಾಡ್ರಿ. ಇನ್ಮುಂದೆ ರಕ್ತ ಬೇಕಾದಾಗ ನಾನೇ ಕಳಿಸ್ತೀನಿ."

ನಾನು ಎದ್ದು, ನಮ್ಮ ಕಂಪ್ಯೂಟರಿನಲ್ಲಿ ಏನೂ ಇಲ್ಲ, ಹೆಸರು ಮಾತ್ರ ಅತ್ತೆಯದು, ಮೂಲ ಬೇರೆಲ್ಲೋ ಇದೆ ಎಂದು ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬರು, "ಅತ್ತೆನ ಬಿಟ್ಟುಕೊಡಬಾರದು ನೋಡವ್ವಾ, ಒಳ್ಳೇದು" ಎಂದರು. ಒಂದಷ್ಟು ಜನ ನಕ್ಕರು. ಕೆಟ್ಟ ನಗೆಯಲ್ಲ ಅದು, ಸೊಸೆಯನ್ನು ಮೆಚ್ಚಿಕೊಂಡು ನಕ್ಕದ್ದು. ಆದರೆ ನನ್ನ ಮಾತು ಅಲ್ಲಿಗೇ ಮುಗಿಯಿತು. ಅತ್ತೆ ಎದ್ದು ಕೈ ಮುಗಿದು, "ಸಾಹೇಬ್ರು ಹೇಳಿದ್ದು ಸರಿ ಐತೆ. ಹಂಗೇ ಮಾಡ್ರಿ" ಎಂದರು. ಅವತ್ತು ಅವರು ಮಂಡಕ್ಕಿ ಮುಟ್ಟಲಿಲ್ಲ.

ಇದಾಗಿ ಹೆಚ್ಚು ದಿನ ಕಳೆದಿರಲಿಲ್ಲ. ನಾನು ರಜೆಯಲ್ಲಿ ಮನೆಯಲ್ಲಿದ್ದ ಒಂದು ಮಧ್ಯಾಹ್ನ ಹೆರಿಗೆ ಆಸ್ಪತ್ರೆಯಿಂದ ಡಾಕ್ಟರಮ್ಮನ ಫೋನು ಬಂತು. ಲೋಕಿಕೆರೆ ಕಡೆಯ ಒಬ್ಬ ಹುಡುಗಿ, ಚೊಚ್ಚಲ ಹೆರಿಗೆ, ಮಗು ಚೆನ್ನಾಗಿದೆ, ತಾಯಿಗೆ ರಕ್ತ ನಿಲ್ಲುತ್ತಿಲ್ಲ. ಓ ನೆಗೆಟಿವ್. ರಕ್ತನಿಧಿಯಲ್ಲಿ ಇದ್ದದ್ದನ್ನು ಆಗಲೇ ಕೊಟ್ಟಾಗಿತ್ತು.

ಆ ಗುಂಪಿನವರು ಬಳಗದಲ್ಲಿ ಬೆರಳೆಣಿಕೆಯಷ್ಟೇ. ಮೆಡಿಕಲ್ ಹುಡುಗನೊಬ್ಬ ರಜೆಗೆ ಊರಿಗೆ ಹೋಗಿದ್ದ. ಇನ್ನೊಬ್ಬರು ಹೋದ ತಿಂಗಳಷ್ಟೇ ಕೊಟ್ಟಿದ್ದರು. ಬಟ್ಟೆ ಅಂಗಡಿಯವರೊಬ್ಬರು ಖರೀದಿಗೆಂದು ಹೊರಗಡೆ ಹೋಗಿದ್ದರು. ಉಳಿದವರು ಹರಿಹರದ ಲೇತ್ ಅಂಗಡಿಯವರು. ಅವರ ಫೋನು ರಿಂಗಾಗುತ್ತಲೇ ಇತ್ತು, ಯಾರೂ ಎತ್ತುತ್ತಿರಲಿಲ್ಲ. ಎಂಜಿನಿಯರರು ಮೇಲ್ ಕಳಿಸಲಿ ಎಂದರೆ ಅವರು ಶಿಫ್ಟಿನಲ್ಲಿದ್ದರು. ಕಾರ್ಖಾನೆಯ ಗೇಟಿನವರು ಹೇಳುತ್ತೇವೆ ಎಂದರು. ಹೇಳಿದರೋ ಇಲ್ಲವೋ ತಿಳಿಯದು.

"ನಾನೇ ಕಳಿಸ್ತೀನಿ" ಎಂದು ಅತ್ತೆ ಕೂತರು. ಮೋಡೆಮ್ಮು ಕಿರುಗುಟ್ಟಿ ಲೈನು ಸಿಕ್ಕಿತು. ಬರೆದು ಎಲ್ಲರಿಗೂ ಕಳಿಸಿದರು. ತಮಗೆ ಗೊತ್ತಿರುವ ಬೇರೆ ಯಾರಾದರೂ ಆ ಗುಂಪಿನವರು ಇದ್ದರೆ ತಕ್ಷಣ ಫೋನು ಮಾಡಿ ಎಂದೂ ಸೇರಿಸಿದರು. ಮೋಡೆಮ್ಮಿನ ಲೈನು ಕಡಿದು ಫೋನಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ಅರ್ಧ ಗಂಟೆ ಆಯಿತು, ಒಂದು ಗಂಟೆ ಆಯಿತು. ಒಂದು ಕರೆ ಬಂತು, ಅದು ಗ್ಯಾಸಿನವರದು. ಅತ್ತೆ ನನ್ನ ಮುಖ ನೋಡಿದರು.

"ಯಾರೂ ತೆಗೆದಿಲ್ಲ ಅಲ್ಲೇನವ್ವ?"

ನಾನು ಮತ್ತೊಮ್ಮೆ ಲೇತ್ ಅಂಗಡಿಗೆ ಫೋನು ಹಚ್ಚಿದೆ, ಯಾರೂ ಎತ್ತಲಿಲ್ಲ.

"ನಡಿ, ಹರಿಹರಕ್ಕೆ ಹೋಗಣ" ಎಂದು ಎದ್ದರು.

ಬಸ್ಸು ತುಂಬಿತ್ತು. ಅತ್ತೆಗೆ ಯಾರೋ ಸೀಟು ಬಿಟ್ಟುಕೊಟ್ಟರು. ನಾನು ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದೆ. ಬಸ್ಸು ಜನ ಹತ್ತಿಸಿಕೊಳ್ಳಲು ನಿಂತಾಗಲೆಲ್ಲ ಅವರ ಬೆರಳುಗಳು ಸೆರಗಿನ ತುದಿಯನ್ನು ಬಿಗಿಯಾಗಿ ಸುತ್ತುತ್ತಿದ್ದವು.

ಲೇತ್ ಅಂಗಡಿಯ ಬೀದಿಗೆ ಹೋದಾಗ ತಿಳಿಯಿತು, ಫೋನು ಯಾಕೆ ಎತ್ತಿರಲಿಲ್ಲ ಎಂದು. ಯಂತ್ರದ ಸದ್ದಿಗೆ ನಮ್ಮ ಮಾತೇ ನಮಗೆ ಕೇಳುತ್ತಿರಲಿಲ್ಲ. ಅವರು ಕೈಯಲ್ಲಿದ್ದ ಕಬ್ಬಿಣದ ತುಂಡು ಬಿಟ್ಟು, ಯಂತ್ರ ನಿಲ್ಲಿಸಿ ಓಡಿ ಬಂದರು.

"ಅರೆ, ಟೀಚರಮ್ಮ, ನೀವು ಯಾಕ ಬರೋಕ ಹೋದ್ರಿ? ಒಂದು ಖಬರ್ ಕೊಟ್ಟಿದ್ರೆ ಆಗ್ತಿತ್ತಲ್ಲ."

"ಕೊಟ್ಟಿದ್ದೆ ತಮ್ಮಾ" ಎಂದರು ಅತ್ತೆ.

ಅಂಗಡಿಯ ಹಿಂದೆಯೇ ಮನೆ. ಅವರ ದೊಡ್ಡ ಮಗಳು ಡಿಗ್ರಿ ಓದುತ್ತಿದ್ದಳು. ಅಪ್ಪನ ಪರವಾಗಿ ನೆಟ್ ಸೆಂಟರಿಗೆ ಹೋಗಿ ಮೇಲ್ ನೋಡುವವಳು ಅವಳೇ. ಮಾತು ಕೇಳಿ ಹೊರಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಬಂದಿತ್ತು ಆಂಟಿ. ಈಗಷ್ಟೇ ನೆಟ್ ಸೆಂಟರಿಂದ ಬಂದೆ. ನಿಮ್ಮ ಹೆಸರು ನೋಡಿದೆ, ತೆಗೀದೆ ಅಳಿಸಿಬಿಟ್ಟೆ" ಎಂದಳು. "ಹೋದ ಸಲ ತೆಗೆದಾಗ ಸೆಂಟರಿನವರ ಕಂಪ್ಯೂಟರ್ ಕೆಟ್ಟು ಬಹಳ ಬೈದಿದ್ರು. ಮೀಟಿಂಗ್‌ನಲ್ಲೂ ಹಂಗೇ ಹೇಳ್ಯಾರ ಅಂತ ಅಬ್ಬಾ ಹೇಳಿದ್ರು."

ಅವಳ ಕಣ್ಣು ತುಂಬಿ ಬಂತು. ಅತ್ತೆ ಅವಳ ತಲೆ ಸವರಿ, "ದೊಡ್ಡೋರು ಹೇಳಿದ ಮಾತು ಕೇಳೀಯ. ನಿಂದೇನೂ ತಪ್ಪಿಲ್ಲ ಮಗಳೆ" ಎಂದರು. ಅಷ್ಟು ಹೊತ್ತಿಗೆ ಅವಳ ಅಪ್ಪ ಕೈಯಿನ ಎಣ್ಣೆ ತೊಳೆದು ಅಂಗಿ ಬದಲಿಸಿ ಸ್ಕೂಟರ್ ಹೊರಗೆ ತಂದಿದ್ದರು. ಆಸ್ಪತ್ರೆಯ ಹೆಸರು ಕೇಳಿಕೊಂಡು ಹೊರಟೇಬಿಟ್ಟರು. ನಾವು ಹಿಂದಿನಿಂದ ಬಸ್ಸು ಹಿಡಿದೆವು.

ನಾವು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವರ ರಕ್ತ ತೆಗೆದುಕೊಂಡು, ಪರೀಕ್ಷೆ ಮಾಡಿ, ಒಳಗೆ ಒಯ್ದಿದ್ದರು. ಸಂಜೆ ಡಾಕ್ಟರಮ್ಮ ಹೊರಗೆ ಬಂದು, ಜೀವಕ್ಕೆ ಅಪಾಯವಿಲ್ಲ, ಆದರೆ ರಕ್ತಸ್ರಾವ ನಿಲ್ಲದೆ ಗರ್ಭಕೋಶ ತೆಗೆಯಬೇಕಾಯಿತು ಎಂದರು. ಹುಡುಗಿಯ ತಾಯಿ ಗೋಡೆಗೆ ಒರಗಿ ಕೂತಿದ್ದಳು, ಮಡಿಲಲ್ಲಿ ಕೂಸು. ಅವಳಿಗೆ ಮಗಳು ಉಳಿದದ್ದೇ ದೊಡ್ಡದು. ಅತ್ತೆಯ ಕಾಲು ಮುಟ್ಟಲು ಬಂದಳು. ಅತ್ತೆ ಹಿಂದೆ ಸರಿದರು.

ಆಮೇಲೆ ಡಾಕ್ಟರಮ್ಮನನ್ನು ಮೂಲೆಗೆ ಕರೆದು ಕೇಳಿದರು, "ರಕ್ತ ಇನ್ನೊಂದೆರಡು ತಾಸು ಮುಂಚೆ ಬಂದಿದ್ರೆ ಗರ್ಭಕೋಶ ಉಳೀತಿತ್ತೇನ್ರಿ?"

ಡಾಕ್ಟರಮ್ಮ ನೇರ ಮಾತಿನವರು. "ಮುಂಚೆ ಬಂದಿದ್ರೂ ತೆಗೀಬೇಕಾಗ್ತಿತ್ತೋ ಏನೋ. ಹೇಳಕ್ಕಾಗಲ್ಲ ಟೀಚರ್. ಅದನ್ನ ತಲೆಗೆ ಹಚ್ಕೋಬ್ಯಾಡ್ರಿ" ಎಂದರು.

ಅತ್ತೆ ಅದನ್ನು ತಲೆಗೆ ಹಚ್ಚಿಕೊಂಡರು. ಹೇಳಲಾಗುವುದಿಲ್ಲ ಎಂಬ ಮಾತು ಅವರಿಗೆ ಹೌದು ಎನ್ನುವುದಕ್ಕಿಂತ ಭಾರವಾಯಿತು ಎಂದು ನನಗೆ ಅನ್ನಿಸುತ್ತದೆ. ರೊಟ್ಟಿ ತಟ್ಟುತ್ತ ತಟ್ಟುತ್ತ ಕೈ ನಿಲ್ಲಿಸಿ, "ಮೇಲ್ ಕಳಿಸಿ ಕಾಯೋ ಬದ್ಲು ಮೊದಲೇ ಬಸ್ ಹತ್ತಬೇಕಿತ್ತು" ಎನ್ನುತ್ತಿದ್ದರು. ಯಾರಿಗೆ ಹೇಳಿದ್ದು ಎಂದಲ್ಲ, ಸುಮ್ಮನೆ.

ನನಗೆ ತಡೆಯದಾಯಿತು. ಮೂಲ ಯಾವ ಮನೆಯಲ್ಲಿದೆ ಎಂದು ಹುಡುಕಲೇಬೇಕು ಎಂದು ಹಟ ಹಿಡಿದೆ. ಅತ್ತೆಯ ಪೆಟ್ಟಿಗೆಗೆ ಹಿಂದಿರುಗಿ ಬಂದಿದ್ದ ಮೇಲ್‌ಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಹೆಚ್ಚಿನವು ಬಳಗದವರ ವಿಳಾಸಗಳೇ. ಆದರೆ ನಡುವೆ ಅತ್ತೆಗೆ ಪರಿಚಯವೇ ಇಲ್ಲದ ಕೆಲವರಿದ್ದರು. ಅವರಲ್ಲಿ ಸೊಲ್ಲಾಪುರದ ಒಬ್ಬರು ಸಿಟ್ಟಿನಿಂದ ಉತ್ತರ ಬರೆದಿದ್ದರು. ನೀವು ಯಾರೋ ನನಗೆ ಗೊತ್ತಿಲ್ಲ, ಇಂಥದ್ದನ್ನು ನನಗೆ ಯಾಕೆ ಕಳಿಸುತ್ತೀರಿ ಎಂದು. ಅತ್ತೆಯ ವಿಳಾಸ ಮತ್ತು ಈ ಮನುಷ್ಯನ ವಿಳಾಸ ಎರಡೂ ಇರುವ ಕಂಪ್ಯೂಟರೇ ಮೂಲ. ಅದು ಯಾರದು? ನಾನು ಅವರಿಗೆ ನಯವಾಗಿ ಎಲ್ಲ ವಿವರಿಸಿ, ದಾವಣಗೆರೆ, ಹರಿಹರದ ಕಡೆ ನಿಮಗೆ ಪರಿಚಯದವರು ಯಾರಿದ್ದಾರೆ ಎಂದು ಕೇಳಿ ಬರೆದೆ. ಎರಡು ದಿನ ಬಿಟ್ಟು ಉತ್ತರ ಬಂತು. ಸಿಟ್ಟು ಇಳಿದಿತ್ತು. ತಮ್ಮ ತಂಗಿಯನ್ನು ಹರಿಹರಕ್ಕೆ ಕೊಟ್ಟಿದೆ, ತಂಗಿಯ ಗಂಡ ಅಲ್ಲಿಯ ಕಾರ್ಖಾನೆಯಲ್ಲಿ ಎಂಜಿನಿಯರ್ ಎಂದು ಬರೆದು ಹೆಸರನ್ನೂ ಕೊಟ್ಟಿದ್ದರು.

ಅತ್ತೆಗೆ ಓದಿ ಹೇಳಿದೆ. ಅವರ ಮುಖದಲ್ಲಿ ಸಮಾಧಾನ ಕಾಣಬಹುದು ಎಂದುಕೊಂಡಿದ್ದೆ. ಕಾಣಲಿಲ್ಲ.

"ಈಗಲೇ ಎಲ್ಲರಿಗೂ ಹೇಳಣ ಅತ್ತೆ" ಎಂದೆ.

"ಬ್ಯಾಡ. ಸುಮ್ನಿರು. ಅವರೇನು ಬೇಕಂತ ಮಾಡ್ಯಾರೇನು?"

"ಹಂಗಾದ್ರೆ ನೀವು ಬೇಕಂತ ಮಾಡಿದ್ರಾ? ಮನೆ ಮನೆಗೆ ಹೋಗಿ ಕೈ ಮುಗಿದ್ರಲ್ಲ."

"ಮೊದಲು ಹೋಗಿ ಅವರ ಕಂಪ್ಯೂಟರ್ ಸರಿ ಮಾಡಿ ಬಾ. ಅದು ಇನ್ನೂ ಹರಡ್ತಾ ಐತೆ" ಎಂದರು.

ಮುಂದಿನ ಭಾನುವಾರ ನಾನೂ ನನ್ನ ಗಂಡನೂ ಹರಿಹರಕ್ಕೆ ಹೋದೆವು. ಎಂಜಿನಿಯರರ ಕ್ವಾರ್ಟರ್ಸಿನಲ್ಲಿ ಅವರ ಹೆಂಡತಿ ಅವಲಕ್ಕಿ ಕೊಟ್ಟು ಉಪಚರಿಸಿದರು. ವಿಷಯ ಹೇಳಿದಾಗ ಎಂಜಿನಿಯರರು ಮೊದಲು ನಂಬಲಿಲ್ಲ. "ನಾನು ಆಂಟಿವೈರಸ್ ಹಾಕಿಸೀನಲ್ರಿ" ಎಂದರು. ಹಾಕಿಸಿದ್ದು ನಿಜ. ಕಂಪ್ಯೂಟರ್ ತಂದಾಗ ಹಾಕಿಸಿದ್ದನ್ನು ಆಮೇಲೆ ಒಮ್ಮೆಯೂ ಹೊಸದು ಮಾಡಿರಲಿಲ್ಲ. ನಾನು ತಂದಿದ್ದ ಸಿ.ಡಿ. ಹಾಕಿದೆ. ಅವರು ನನ್ನ ಹಿಂದೆ ಕುರ್ಚಿ ಎಳೆದುಕೊಂಡು ಕೂತು ಪರದೆಯನ್ನೇ ನೋಡುತ್ತಿದ್ದರು. ಕೆಟ್ಟ ಕಡತಗಳ ಹೆಸರು ಒಂದರ ಕೆಳಗೊಂದು ಬರತೊಡಗಿತು. ನಿಲ್ಲುವ ಲಕ್ಷಣವೇ ಇರಲಿಲ್ಲ.

"ಇದು ಯಾವಾಗಿನಿಂದ ಐತ್ರಿ?" ಎಂದು ಕೇಳಿದರು.

"ಟೀಚರ್ ಹೆಸರಲ್ಲಿ ಹೋಗೋಕೆ ಶುರುವಾಗೋ ಮೊದಲಿನಿಂದ ಸರ್."

ಅವರಿಗೆ ಅದು ಪೂನಾದ ಯಾವುದೋ ಕಂಪನಿಯವರ ದರಪಟ್ಟಿ ಎಂಬ ಹೆಸರಿನಲ್ಲಿ ಬಂದಿತ್ತು. ಆ ಕಂಪನಿಯವರೂ ಕಳಿಸಿರಲಾರರು. ಅದರ ಹಿಂದೆ ಇನ್ನು ಯಾರ ಮನೆಯೋ.

ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಹೆಂಡತಿ ಒಳಗಿನಿಂದ ಚಹಾ ತಂದವರು ಅವರ ಮುಖ ನೋಡಿ ಲೋಟಗಳನ್ನು ಮೆಲ್ಲನೆ ಇಟ್ಟು ಹೋದರು. "ಆ ಲೋಕಿಕೆರೆ ಹುಡುಗಿ ವಿಷಯ ನನಗೆ ಗೊತ್ತಾತು" ಎಂದರು ಎಂಜಿನಿಯರರು. ಕೊನೆಗೆ, "ನಾನು ಎಲ್ಲರಿಗೂ ಬರೀತೀನಿ. ಇದ್ದದ್ದು ಇದ್ದಂಗೆ ಬರೀತೀನಿ" ಎಂದರು.

ಬರೆದರು. ಅದನ್ನು ನಾನು ಓದಿದ್ದೇನೆ. ಉದ್ದನೆಯ ಮೇಲ್. ತಪ್ಪು ತಮ್ಮ ಮನೆಯಲ್ಲಿತ್ತು, ಟೀಚರ್ ಮೇಲೆ ಹೊರಿಸಿದೆ, ತುಂಬಿದ ಸಭೆಯಲ್ಲಿ ಹಾಗೆ ಹೇಳಬಾರದಿತ್ತು, ಎಲ್ಲರೂ ಟೀಚರ್ ಕ್ಷಮೆ ಕೇಳೋಣ, ಮೊದಲು ನಾನು ಕೇಳುತ್ತೇನೆ ಎಂದು ಮುಚ್ಚುಮರೆಯಿಲ್ಲದೆ ಬರೆದಿದ್ದರು. ಅಷ್ಟು ಬರೆಯಲು ಎಂಟೆದೆ ಬೇಕು.

ಆದರೆ ನಮ್ಮ ಮನೆಯವರ ಹೊರತು ಅದನ್ನು ಯಾರೂ ತೆರೆಯಲಿಲ್ಲ. ಅಷ್ಟರೊಳಗೆ ಬಳಗದ ಎಷ್ಟೋ ಜನರ ಕಂಪ್ಯೂಟರಿಗೆ ವೈರಸ್ಸು ಹತ್ತಿ, ಎಂಜಿನಿಯರರ ಹೆಸರಿನಲ್ಲೂ ಕೊಳಕು ಮೇಲ್‌ಗಳು ಹರಿದಾಡುತ್ತಿದ್ದವು. ಬಳಗದ ಹೆಸರು ಕಂಡರೆ ಸಾಕು, ಜನ ಅಳಿಸಿಹಾಕುತ್ತಿದ್ದರು. ಬ್ಯಾಂಕಿನವರಂತೂ ಆ ವಿಳಾಸಗಳನ್ನೇ ತಡೆಹಿಡಿದಿದ್ದರು. ಸುಳ್ಳು ಬಂದ ಬಾಗಿಲಿನಿಂದಲೇ ನಿಜವೂ ಬರಬೇಕಾಗಿತ್ತು, ಆ ಬಾಗಿಲನ್ನು ಎಲ್ಲರೂ ಭದ್ರವಾಗಿ ಹಾಕಿಕೊಂಡಿದ್ದರು.

ಮುಂದಿನ ಸಭೆಗೆ ಬಂದವರು ನಾವು ಮನೆಯವರು, ಎಂಜಿನಿಯರರು, ಲೇತ್ ಅಂಗಡಿಯವರು ಮತ್ತು ನಿವೃತ್ತ ಪೋಸ್ಟ್ ಮಾಸ್ತರರೊಬ್ಬರು. ಎಂಜಿನಿಯರರು ಖಾಲಿ ಬೆಂಚುಗಳನ್ನು ನೋಡುತ್ತ ಎದ್ದು ನಿಂತು, "ನಾನು ಒಂದು ಮಾತು ಹೇಳಬೇಕು" ಎಂದರು. ಅತ್ತೆ ಅವರನ್ನು ತಡೆದರು. "ಕೂಡ್ರಿ ಸರ್. ಅದು ಆಗಿ ಹೋತು. ಮುಂದಿನ ಕೆಲಸ ನೋಡಣ." ಅವರು ಕೂತರು. ಅತ್ತೆ ಅವತ್ತು ಅವರನ್ನು ಮಾತಾಡಲು ಬಿಟ್ಟಿದ್ದರೆ ಚೆನ್ನಾಗಿತ್ತು. ಅವರ ಮರ್ಯಾದೆ ಉಳಿಸಲು ಹೋಗಿ ಅವರ ಎದೆಯ ಭಾರವನ್ನು ಅವರಲ್ಲೇ ಉಳಿಸಿಬಿಟ್ಟರು.

ಬಳಗ ಹಾಗೆಯೇ ಕರಗಿತು. ಜಗಳ ಆಗಲಿಲ್ಲ, ಮುಚ್ಚಿದೆವು ಎಂದು ಯಾರೂ ಹೇಳಲಿಲ್ಲ. ಸ್ವಲ್ಪ ದಿನ ಅತ್ತೆ ಫೋನಿನಲ್ಲೇ ನಡೆಸಿದರು. ಎಂಜಿನಿಯರರು ಬೇರೆ ಕಡೆ ಕೆಲಸ ಸಿಕ್ಕಿ ಹೋದರು. ಲೇತ್ ಅಂಗಡಿಯವರು ಮಾತ್ರ ಡಾಕ್ಟರು ಇನ್ನು ವಯಸ್ಸಾಯಿತು ಬೇಡ ಎನ್ನುವವರೆಗೂ ಕರೆದಾಗಲೆಲ್ಲ ಬಂದು ರಕ್ತ ಕೊಟ್ಟರು. ಅತ್ತೆ ಮತ್ತೆ ಕಂಪ್ಯೂಟರ್ ಮುಟ್ಟಲಿಲ್ಲ. ಮೊಬೈಲು ಬಂದ ಮೇಲೂ ಕರೆ ಮಾಡಲು, ಕರೆ ಬಂದರೆ ಎತ್ತಲು ಮಾತ್ರ ಬಳಸಿದರು. ಯಾರಾದರೂ ಫೋನು ಮಾಡಿದರೆ, "ದನಿ ಕೇಳಿದ ಮೇಲೆ ಖಾತ್ರಿ ಆತು ನೋಡು" ಎನ್ನುತ್ತಿದ್ದರು.

ಮದುವೆ ಮನೆಗಳಲ್ಲಿ ಹಳೆಯ ವಿದ್ಯಾರ್ಥಿಗಳು ಸಿಕ್ಕಾಗ ಯಾರಾದರೂ ತಮಾಷೆಗೆ, "ಟೀಚರ್, ಈಗ ವೈರಸ್ ಕಳಿಸೋದು ಬಿಟ್ಟೀರಿ ಹೌದಲ್ರಿ?" ಎನ್ನುವುದುಂಟು. ಎಷ್ಟೋ ವರ್ಷವಾದ ಮೇಲೂ ಹಾಗೆ ಕೇಳಿದವರಿದ್ದಾರೆ. ಅತ್ತೆ ಅವರ ಜೊತೆಗೇ ನಗುತ್ತಿದ್ದರು. ನಾನು ನಿಜ ಹೇಳಲು ಬಾಯಿ ತೆರೆದರೆ ಊಟದೆಲೆಯ ಕೆಳಗಿನಿಂದ ನನ್ನ ಕೈ ಅದುಮುತ್ತಿದ್ದರು. ಮನೆಗೆ ಬಂದ ಮೇಲೆ ಬೇಗ ಮಲಗಿಬಿಡುತ್ತಿದ್ದರು.

ಅವರು ತೀರಿಕೊಂಡು ಈಗ ಕೆಲವು ವರ್ಷವಾಯಿತು. ಅವರ ಉತ್ತರಕ್ರಿಯೆಯ ಶಿವಗಣಾರಾಧನೆಯ ದಿನ ಊಟದ ಪಂಕ್ತಿ ಮುಗಿಯುವ ಹೊತ್ತಿಗೆ ಕೋಲೂರಿಕೊಂಡು ಒಬ್ಬ ಹಿರಿಯರು ಬಂದರು. ಅಂಗಿಯ ಇಸ್ತ್ರಿ ನೋಡಿ ಗುರುತು ಹಿಡಿದೆ. ಎಂಜಿನಿಯರರು. ಮಗನ ಮನೆಯಿಂದ ಯಾವುದೋ ಕೆಲಸಕ್ಕೆ ಹರಿಹರಕ್ಕೆ ಬಂದವರಿಗೆ ಸುದ್ದಿ ತಿಳಿದಿತ್ತಂತೆ. ಅತ್ತೆಯ ಫೋಟೋದ ಮುಂದೆ ಕೈ ಮುಗಿದು ನಿಂತರು. ಆಮೇಲೆ ಪಡಸಾಲೆಯಲ್ಲಿ ಕೂತು ನೀರು ಕುಡಿದು, ಜನ ಚದುರಿದ ಮೇಲೆ ನನ್ನನ್ನು ಕೇಳಿದರು.

"ನಾನು ಅವತ್ತು ಎಲ್ಲರಿಗೂ ಒಂದು ಮೇಲ್ ಬರೆದಿದ್ದೆ, ನೆನಪೈತೇನಮ್ಮ? ಅದಕ್ಕೆ ಯಾರೂ ಉತ್ತರ ಬರೀಲಿಲ್ಲ. ಎಲ್ಲರಿಗೂ ನನ್ನ ಮೇಲೆ ಸಿಟ್ಟು ಬಂದೈತೆ ಅಂದ್ಕೊಂಡು ನಾನು ಮತ್ತೆ ಯಾರನ್ನೂ ಮಾತಾಡಿಸಲಿಲ್ಲ."

ಯಾರೂ ಅದನ್ನು ಓದೇ ಇರಲಿಲ್ಲ ಎಂದು ಹೇಳಿದೆ. ಅವರು ನನ್ನನ್ನೇ ನೋಡಿದರು. ಇಷ್ಟು ವರ್ಷ ಅವರು ಜನರ ಮೌನವನ್ನು ಸಿಟ್ಟೆಂದು ತಿಳಿದು ನಡೆದಿದ್ದರು.

"ಟೀಚರ್?" ಎಂದರು.

"ಅವರಿ‌ಗೆ ನಾನೇ ಓದಿ ಹೇಳಿದ್ದೆ ಸರ್. ಪೂರ್ತಿ ಕೇಳಿದ್ರು."

"ಏನಂದ್ರು?"

ಅವತ್ತು ಅತ್ತೆ ಹೇಳಿದ್ದು ಎರಡೇ ಮಾತು. ಅದನ್ನು ಅವರಿಗೆ ಇದ್ದ ಹಾಗೆಯೇ ಹೇಳಿದೆ. "ಪಾಪ, ಎಷ್ಟು ಸಂಕಟಪಟ್ಟು ಬರೆದಾರ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯೋದು ಅವರಿಗೂ ಕಷ್ಟ."

ಅವರು ತಲೆ ಅಲ್ಲಾಡಿಸಿದರು. ಕೋಲು ತೆಗೆದುಕೊಂಡು ಎದ್ದರು. ನನ್ನ ಗಂಡ ಬೈಕಿನಲ್ಲಿ ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬಂದರು.